ಬಲ್ಬು ಕಿತ್ತ ಮೇಲೆ ಕಂಡ ಎತ್ತು

ರಾಜಧಾನಿಯ ವಿಜಯನಗರ ಬಡಾವಣೆಯಲ್ಲಿ ಮೊದಲ ಸಂಜೆ ನನಗೆ ನಿಜಕ್ಕೂ ತಲೆ ತಿರುಗಿತು. ನಮ್ಮ ರಾಣೆಬೆನ್ನೂರಿನಲ್ಲಿ ಹೊತ್ತು ಮುಳುಗಿದರೆ ನಾನು ಬರೆದ ಬೋರ್ಡುಗಳೂ ಮುಳುಗಿದಂತೆಯೇ. ಇಲ್ಲಿನ ಅಂಗಡಿಗಳು ಆಗಲೇ ಮುಖ ತೊಳೆದುಕೊಂಡು ನಿಲ್ಲುತ್ತವೆ! ಸೀರೆ ಅಂಗಡಿಯ ಅಕ್ಷರಗಳು ಬೆನ್ನ ಹಿಂದಿನಿಂದ ಬೆಳಗುತ್ತವೆ. ಸ್ವೀಟ್ ಅಂಗಡಿಯ ಡಬ್ಬಿಯ ಮೇಲೆ ಅಚ್ಚಾಗಿರುವ ಬಳ್ಳಿಯೇ ಅದರ ಬೋರ್ಡಿನ ಸುತ್ತಲೂ ದೀಪವಾಗಿ ಹಬ್ಬಿದೆ. ಇದನ್ನು ಯೋಚಿಸಿದ ಪುಣ್ಯಾತ್ಮ ಸಿಕ್ಕರೆ ಕೈಮುಗಿಯಬೇಕು ಅನ್ನಿಸಿತು.

ಊರಲ್ಲಿ ಬಾಡಿಗೆಯ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷ ಬ್ರಷ್ ಹಿಡಿದವನು ನಾನು. ಫ್ಲೆಕ್ಸ್ ಬಂದು ಕೈ ಖಾಲಿಯಾದಾಗ, ಇಲ್ಲಿನ ಲೈಟಿಂಗ್ ಅಂಗಡಿಯೊಂದಕ್ಕೆ ಚಿತ್ರ ಬರೆಯುವವರು ಬೇಕೆಂದು ತಿಳಿದು ಬಸ್ ಹತ್ತಿದೆ. ಪ್ಲೈವುಡ್ ಮೇಲೆ ಚಿತ್ರ ಬರೆದು, ತೂತು ಕೊರೆದು, ಬಲ್ಬು ಕೂರಿಸಿ ಹಬ್ಬಗಳಿಗೆ ನಿಲ್ಲಿಸುವ ಕೆಲಸ. ಹೊಂದಿಕೆಯಾದರೆ ನಿನ್ನನ್ನೂ ಮಗಳನ್ನೂ ಕರೆಸಿಕೊಳ್ಳುತ್ತೇನೆ, ಇಲ್ಲದಿದ್ದರೆ ನಾನೇ ವಾಪಸ್ ಬರುತ್ತೇನೆ ಎಂದು ಹೆಂಡತಿ ಗಿರಿಜಾಳಿಗೆ ಹೇಳಿದ್ದೆ. ಮಾರೇನಹಳ್ಳಿಯಲ್ಲಿ ಒಂದು ‘ಪೋರ್ಷನ್’ ಸಿಕ್ಕಿತು. ಮನೆಯನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟರೆ ಆ ಭಾಗಕ್ಕೆ ಇಲ್ಲಿ ಹಾಗನ್ನುತ್ತಾರೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ ಸಿಗುತ್ತದೆ. ಎದುರು ಕೂತು ‘ಇನ್ನೊಂದು ಹಾಕಿಸ್ಕೋರಿ’ ಅನ್ನುವವರು ಸಿಗುವುದಿಲ್ಲ. ಒಬ್ಬನೇ ಉಣ್ಣುವುದು ಬಹಳ ಬೇಸರದ ಕೆಲಸ.

ನನ್ನ ಪಾಲಿಗೆ ಬಂದ ಮೊದಲ ಬೋರ್ಡು, ಬಸವ ಜಯಂತಿಗೆಂದು ಬಸವೇಶ್ವರನಗರದ ಸಂಘವೊಂದು ಕೇಳಿದ ಎತ್ತು. ಎತ್ತು ಅಂದರೆ ನಮಗೆ ಹೇಳಿಕೊಡಬೇಕೇ! ಕುತ್ತಿಗೆಯ ಮಡಿಕೆ, ಬೆನ್ನಿಗೆ ಹೊದಿಸುವ ಜೂಲ, ಗೆಜ್ಜೆ, ಒಂದನ್ನೂ ಬಿಡದೆ ಬರೆದು ಒತ್ತೊತ್ತಾಗಿ ಬಲ್ಬು ತುಂಬಿದೆ. ಸಂಜೆ ಅಂಗಡಿ ಮುಂದೆ ನಿಲ್ಲಿಸಿ ಸ್ವಿಚ್ ಹಾಕಿದಾಗ, ಸ್ಕೂಟರ್‌ನಲ್ಲಿ ಬಂದ ಆಂಟಿಯೊಬ್ಬರು ನಿಂತು ನೋಡಿ ಮೆಚ್ಚುಗೆಯಿಂದಲೇ ಅಂದರು:

“ಆನೆ ತುಂಬಾ ಚೆನ್ನಾಗಿದೆ ಅಣ್ಣಾ.”

ನಿಮಗೆ ನಗು ಬರಬಹುದು, ನನಗೆ ಮಾತ್ರ ಜೀವ ಬಾಯಿಗೆ ಬಂತು. ಮರುದಿನ ಸಂಜೆ ಸಂಘದವರು ನೋಡಲು ಬರುವವರಿದ್ದರು. ಅವರು ಬೇಡವೆಂದರೆ ನಾನು ಗಂಟುಮೂಟೆ ಕಟ್ಟುವುದೇ. ಅಂಗಡಿಯ ಹಳೆಯ ಕೆಲಸಗಾರ ಮುರುಗಣ್ಣ ಬಯ್ಯಲಿಲ್ಲ, ತೋಳು ಹಿಡಿದು ಎಳೆದರು.

“ಹತ್ರ ನಿಂತ್ಕೊಂಡ್ರೆ ಏನ್ ಕಾಣತ್ತೆ ಗುರು? ಬಾ, ರೋಡ್ ಕೊನೆಗೆ ಹೋಗಣ.”

ಅಲ್ಲಿಂದ ನೋಡಿದರೆ ನನ್ನ ಎತ್ತು ಬರೀ ಬೆಳಕಿನ ಮುದ್ದೆ. ಮುರುಗಣ್ಣ ಇನ್ನೂ ದೂರದಲ್ಲಿದ್ದ ಹಸಿರು ಪ್ಲಸ್ ಗುರುತು ತೋರಿಸಿದರು.

“ಅದೇನು?”

“ಮೆಡಿಕಲ್ ಶಾಪು.”

“ಎರಡೇ ಪಟ್ಟಿ, ಗೊತ್ತಾಯ್ತಲ್ಲ? ನೀನು ಕತ್ತಲೆಗೆ ಜಾಗಾನೇ ಬಿಟ್ಟಿಲ್ಲ ಮಾರಾಯ. ಕೀಳು.”

ಊರಲ್ಲಿ ಗೋಡೆಯ ಮೇಲೆ ಒಂದಿಷ್ಟು ಖಾಲಿ ಬಿಟ್ಟರೂ ಗಿರಾಕಿಗಳು ‘ಅರ್ಧಕ್ಕ ಬಿಟ್ಟೀಯಲ್ಲೋ’ ಅನ್ನುತ್ತಿದ್ದರು. ಇಲ್ಲಿ ಖಾಲಿ ಬಿಡುವುದನ್ನೇ ಕಲಿಯಬೇಕಿತ್ತು. ಮರುದಿನ ಬೆಳಿಗ್ಗೆಯಿಂದ ಕೀಳುತ್ತಾ ಕೂತೆ. ಗೆಜ್ಜೆ ಹೋಯಿತು, ಜೂಲ ಹೋಯಿತು. ಡುಬ್ಬ, ಬೆನ್ನಿನ ಗೆರೆ, ಒಂದು ಕಣ್ಣು ಉಳಿದವು. ಕೊಂಬಿಗೆ ಕೈ ಹಾಕಿದಾಗ ಮುರುಗಣ್ಣ ತಡೆದರು.

“ಕೊಂಬು ಮುಟ್ಬೇಡ. ಇಂಥ ಕೊಂಬು ನಾವ್ಯಾರೂ ಬರ್ದಿಲ್ಲ.”

ಇಲ್ಲಿನ ಹಳ್ಳಿಕಾರ್ ತಳಿಯ ಎತ್ತಿನ ಕೊಂಬು ನೆಟ್ಟಗೆ ಹಿಂದಕ್ಕೆ ಹೋಗುತ್ತದೆ. ನಾನು ಬರೆದದ್ದು ನಮ್ಮ ಕಡೆಯದು, ಬಿಲ್ಲಿನಂತೆ ಬಾಗಿದ್ದು.

ಸಂಜೆ ಸಂಘದ ಹಿರಿಯರೊಬ್ಬರು ರಸ್ತೆಯ ತುದಿಯಲ್ಲಿ ನಿಂತು, “ಎತ್ತು ಎದ್ದು ಬರೋ ಹಾಗಿದೆ ಕಣ್ರೀ!” ಅಂದರು. ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅಲ್ಲಿಂದಲೇ ಗಿರಿಜಾಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ.

“ಅಯ್ಯ, ನಮ್ಮ ಎತ್ತ ಐತಲ್ರೀ!” ಅಂದಳು. ಆಮೇಲೆ ಕೇಳಿದಳು, “ಹಂಗಾರ ನಾವು ಬರೂದೇನ್ರೀ?”

“ಇಬ್ರೂ ಬರ್ರಿ.”

“ಇಲ್ಲಿ ನಿಮ್ಮ ಬಾಡಗಿ ಅಂಗಡಿ ಮಾಲಕರು ಬಂದಿದ್ರು. ಗ್ವಾಡಿ ಮ್ಯಾಲೆ ನೀವು ಬರದ ನಿಮ್ಮ ಹೆಸರು ಅಳಿಸಿ ಸುಣ್ಣ ಹೊಡೀಬೇಕಂತ. ಹೂಂ ಅನ್ಲೇನ್ರೀ?”

ಬೆಳಗಿನಿಂದ ನೂರಾರು ಬಲ್ಬು ಕಿತ್ತವನು ನಾನು. ಆ ಒಂದು ಮಾತಿಗೆ ಹೂಂ ಅನ್ನಲಾಗಲಿಲ್ಲ.

“ಒಂದೀಟ ತಡೀರಿ ಅನ್ನು, ಗಿರಿಜಾ. ನಾನ ಬಂದು ಅಳಸ್ತೀನಿ.”