ಟಪಾಲಣ್ಣನಿದ್ದ ಅಂಗಡಿಗೆ ವೈಫೈ ಬಂದದ್ದು

ನಲ್ಲಿ, ಪೈಪು, ಕಮೋಡು ಮಾರುವ ಆ ಅಂಗಡಿಯಲ್ಲಿ ಅಣ್ಣ ಮಹಡಿಯ ಮೇಲೆ ಬಿಲ್ ಹಾಕುತ್ತಿದ್ದ, ತಮ್ಮ ಕೆಳಗಿನ ಗೋದಾಮು ನೋಡಿಕೊಳ್ಳುತ್ತಿದ್ದ. ಅಪ್ಪ ತೀರಿಕೊಂಡಾಗಿನಿಂದ ಇಬ್ಬರಿಗೂ ಮಾತಿಲ್ಲ. ನಡುವೆ ಮಾತು ಹೊತ್ತು ಓಡಾಡುತ್ತಿದ್ದವನು ಅಂಗಡಿಯ ಆಳು ಟಪಾಲಣ್ಣ. ಅವನಿಗೊಂದು ಹೆಸರೂ ಇತ್ತು, ಕೇಳುವ ಪುರುಸೊತ್ತು ಯಾರಿಗಿತ್ತು?

"ಎರಡಿಂಚಿನ ಪೈಪು ಇದ್ಯಾ ಅಂತ ಆ ಕತ್ತೆನ ಕೇಳು" ಎಂದು ಅಣ್ಣ ಅಂದರೆ, ಮೆಟ್ಟಿಲು ಇಳಿಯುವಷ್ಟರಲ್ಲಿ ಅದು "ಸಣ್ಣ ಯಜಮಾನ್ರೇ, ಪೈಪು ಇದ್ಯಾ ಅಂತ ಅಣ್ಣೋರು ಕೇಳಿದ್ರು. ಸುಸ್ತಾಗಿದ್ರೆ ನಿಧಾನಕ್ಕೆ ನೋಡ್ಲಿ ಅಂದ್ರು" ಎಂದಾಗುತ್ತಿತ್ತು. "ಕಣ್ಣಿದ್ರೆ ಅವನೇ ಬಂದು ನೋಡ್ಲಿ" ಎಂಬ ತಮ್ಮನ ಉತ್ತರವೂ ಮೇಲೆ ಹತ್ತುವಾಗ ಹೀಗೇ ಸಿಹಿಯಾಗುತ್ತಿತ್ತು. ಬೈಗುಳ ಇಬ್ಬರಿಗೂ ಚಟ. ಆದರೆ ಇನ್ನೊಬ್ಬ ಮಾತ್ರ ಮೆತ್ತಗಾಗಿದ್ದಾನೆಂದು ಇಬ್ಬರೂ ನಂಬಿದ್ದರು.

ಅಣ್ಣನ ಮಗಳು ಅಂಗಡಿಗೆ ವೈಫೈ ಹಾಕಿಸಿದಳು. ಲಾಭವಾಗಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಗೋದಾಮಿನಲ್ಲಿ ಏನಿದೆ, ಏನಿಲ್ಲ ಎಂಬುದೆಲ್ಲ ಬಿಲ್ ಹಾಕುವ ಮೇಜಿನ ಮೇಲೇ ಕಾಣತೊಡಗಿತು. ಗಿರಾಕಿಗಳು ಕಾದು ಕಾದು ಎದ್ದುಹೋಗುವುದು ನಿಂತಿತು. ಮೇಲೊಂದು ಕೆಳಗೊಂದು ಟ್ಯಾಬು ಬಂತು, ಬರೆದದ್ದು ಬರೆದ ಹಾಗೆಯೇ ತಲುಪುತ್ತದಂತೆ. ಟಪಾಲಣ್ಣ ಲೆಕ್ಕ ಹಾಕಿದ: ಗುಟ್ಟು ರಟ್ಟಾದರೆ ತನ್ನ ಕೆಲಸ ಹೋಗುತ್ತದೆ, ಅಂಗಡಿಯೂ ಪಾಲಾಗುತ್ತದೆ.

ಮೊದಲ ದಿನವೇ ತಮ್ಮನ ಟ್ಯಾಬಿಗೆ "ಕತ್ತೆ, ಕಮೋಡು ಕಳಿಸು" ಎಂದು ಬಂತು. ಅವನು ರೇಗಲಿಲ್ಲ, ವೈಫೈ ಹಾಕಿದವನನ್ನು ಕರೆಸಿದ.

"ಇದು ಕೆಟ್ಟಿದೆ ಕಣಪ್ಪ. ನಮ್ಮಣ್ಣ ಹೀಗೆಲ್ಲ ಮಾತಾಡೋನಲ್ಲ."

ಅಷ್ಟರಲ್ಲಿ ಅಣ್ಣನೂ ಗೋಡೆ ಹಿಡಿದು ಕುಂಟುತ್ತ ಇಳಿದು ಬಂದ. ಅವನದೂ ಅದೇ ದೂರು: "ನನ್ನ ತಮ್ಮನ ಬಾಯಲ್ಲಿ ಇಂಥ ಮಾತು ಬರಲ್ಲ. ಸಿಗ್ನಲ್ ನೋಡು."

ವೈಫೈಯವನು ಏಣಿ ಹತ್ತಿ ಇಳಿದು ಹೈರಾಣಾದ. "ಸಾರ್, ಇದು ಒಂದಕ್ಷರಾನೂ ಬದಲಾಯಿಸಲ್ಲ."

ಬಾಗಿಲ ಮರೆಯಲ್ಲಿ ಬೆವರುತ್ತಿದ್ದ ಟಪಾಲಣ್ಣ ಇನ್ನು ತಡೆಯಲಾರದೆ ಮುಂದೆ ಬಂದ. "ಬದಲಾಯಿಸ್ತಿದ್ದೋನು ನಾನು. ತಪ್ಪಾಯ್ತು."

"ಹಾಗಾದ್ರೆ ಇಷ್ಟು ವರ್ಷ ನನ್ನ ಯೋಗಕ್ಷೇಮ ಕೇಳಿದ್ದೆಲ್ಲ ನೀನಾ?" ಅಣ್ಣ ಗುಡುಗಿದ.

"ನಂದೂ?" ಎಂದ ತಮ್ಮ.

ಇಬ್ಬರೂ ಪಕ್ಕಪಕ್ಕ ನಿಂತು ಅವನ ಜನ್ಮ ಜಾಲಾಡಿದರು. ಕೆಲಸ ಹೋಯಿತೆಂದೇ ಅವನು ತಲೆ ತಗ್ಗಿಸಿದ. ಬೈಗುಳ ನಿಲ್ಲಿಸದೆಯೇ ತಮ್ಮ ಕಮೋಡಿನ ಪೆಟ್ಟಿಗೆಯೊಂದನ್ನು ಎಳೆದು, ಅಂಗೈಯಿಂದ ಧೂಳು ಒರೆಸಿದ.

"ಅಣ್ಣಾ, ಕೂತ್ಕೊಂಡು ಬೈಯಿ. ನಿಂತ್ರೆ ಮಂಡಿ ನೋಯುತ್ತೆ."