ಪ್ರಶ್ನೆಯ ಹೊಳೆ, ಗಂಗೊಳ್ಳಿಯ ಹೊಳೆ

ಆಗೆಲ್ಲ ಗಂಗೊಳ್ಳಿಯಿಂದ ಕುಂದಾಪುರದ ಹೈಸ್ಕೂಲಿಗೆ ಹೋಗುವ ಮಕ್ಕಳಿಗೆ ಎರಡು ದಾರಿಗಳಿದ್ದವು. ಒಂದು, ತ್ರಾಸಿಯ ಮೇಲಾಗಿ ಸುತ್ತಿ ಬಳಸಿ ಹೋಗುವ ಬಸ್ಸು. ಇನ್ನೊಂದು, ಕಣ್ಣೆದುರಿಗೇ ಕಾಣುವ ಆಚೆ ದಡಕ್ಕೆ ಹೊಳೆ ದಾಟಿಸುವ ದೋಣಿ. ಬಸ್ಸಿನಲ್ಲಿ ಹೋಗುವವರಿಗೆ ಕಿಟಕಿ ಸಿಗುತ್ತಿತ್ತು, ದೋಣಿಯಲ್ಲಿ ಹೋಗುವ ನಮಗೆ ಲೆಕ್ಕ ಸಿಗುತ್ತಿತ್ತು. ನಮಗೆ ಸಿಕ್ಕಿದ್ದೇ ದೊಡ್ಡದು ಎಂದು ಈಗಲೂ ಜಂಬದಿಂದ ಹೇಳುತ್ತೇನೆ.

ಲೆಕ್ಕ ಕೊಡುತ್ತಿದ್ದವರು ಗೋಪಾಲ ಮಾಷ್ಟ್ರು. ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವರ ಮನೆಯೂ ಗಂಗೊಳ್ಳಿಯಲ್ಲೇ ಇದ್ದುದರಿಂದ ಬೆಳಗಿನ ದೋಣಿಯಲ್ಲಿ ಅವರೂ ನಾವೂ ಒಟ್ಟಿಗೆ. ಮಳೆಯಿರಲಿ ಬಿಸಿಲಿರಲಿ, ಕೈಯಲ್ಲೊಂದು ಮರದ ಹಿಡಿಯ ಕೊಡೆ. ಹಗ್ಗ ಬಿಚ್ಚಿದ ಕೂಡಲೇ ಕೊಡೆಯ ತುದಿಯಿಂದ ದೋಣಿಯ ಹಲಗೆಗೆ ಕುಟ್ಟಿ ಲೆಕ್ಕ ಹೇಳುವರು. ಆಚೆ ದಡಕ್ಕೆ ತಾಗಿದ ಕೂಡಲೇ ಇನ್ನೊಮ್ಮೆ ಕುಟ್ಟುವರು, ಅಲ್ಲಿಗೆ ಆ ದಿನದ್ದು ಮುಗಿಯಿತು. ಪುಸ್ತಕ ತೆಗೆಯುವ ಹಾಗಿಲ್ಲ, ತೆಗೆದರೂ ನೀರಿನ ಎರಚಲಿಗೆ ಒದ್ದೆ. ಉತ್ತರ ಸಿಕ್ಕಿದವರು ಅವರ ಕಿವಿಯಲ್ಲಿ ಮಾತ್ರ ಹೇಳಬೇಕು. ಯಾರಿಗೂ ಸಿಗದಿದ್ದರೆ ಅದೇ ಲೆಕ್ಕ ಮರುದಿನವೂ ನಮ್ಮೊಂದಿಗೆ ದೋಣಿ ಹತ್ತುತ್ತಿತ್ತು. ಎಷ್ಟು ಗೋಗರೆದರೂ ಅವರಾಗಿ ಉತ್ತರ ಬಿಟ್ಟುಕೊಟ್ಟವರಲ್ಲ.

ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ, ಚೌತಿ ಮುಗಿದು ದಸರಾ ರಜೆ ಬರುವವರೆಗಿನ ಆ ಕೆಲವು ವಾರಗಳ ಮಾತು ಇದು. ಮಳೆ ಹಿಂದೆಗೆದು, ಮೀನುಗಾರಿಕೆಯ ಬಂದರು ಮತ್ತೆ ಜೀವ ತಾಳುವ ಸಮಯ. ಡೀಸೆಲ್ಲಿನ ವಾಸನೆ, ಹಸಿ ಮೀನಿನ ವಾಸನೆ, ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಒಡೆಯುವ ಸದ್ದು. ಅಮ್ಮ ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು, ಅವಳ ಬುಟ್ಟಿಯೂ ನಮ್ಮದೇ ದೋಣಿಗೆ ಬರುತ್ತಿತ್ತು. ನಾನು ರಾತ್ರಿಯ ಬಂಗುಡೆ ಸಾರಿಗೆ ದೋಸೆ ಅದ್ದಿ ತಿಂದು, ಕೈ ಎಷ್ಟು ತೊಳೆದರೂ ಹೋಗದ ಸಾರಿನ ಘಮದೊಂದಿಗೆ ಅವಳ ಪಕ್ಕ ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಮಾಷ್ಟ್ರು ಆ ಬುಟ್ಟಿಯನ್ನೇ ಕಂಡು ಕೊಡೆ ಕುಟ್ಟಿದರು.

"ಬುಟ್ಟಿಯಂಗೆ ಬಂಗುಡೆ, ಬೈಗೆ, ಕಾಣೆ ಮೂರೂ ಬೆರ್ಸಿ ಇತ್ತ್. ಕಣ್ ಮುಚ್ಕಂಡ್ ತೆಗೂದ್. ಒಂದೇ ಜಾತಿದ್ ಎರಡ್ ಮೀನ್ ಸಿಕ್ಕಿಯೇ ಸಿಕ್ಕತ್ತ್ ಅಂಬ್ಕಾರೆ ಎಷ್ಟ್ ತೆಗಿಕ್?"

ನಾವು ಯೋಚಿಸುವ ಮೊದಲೇ ಅಮ್ಮ ಬಾಯಿ ಹಾಕಿದಳು. "ಕಣ್ ಮುಚ್ಕಂಡ್ ಮೀನ್ ತೆಗೂದ್ ಎಂತಕೆ ಮಾಷ್ಟ್ರೆ? ಕಾಣೆ ಮೀನಿನ್ ಮುಳ್ಳ್ ಚುಚ್ಚಿರೆ ಗೊತ್ತಾತ್ತ್ ನಿಮ್ಗೆ!"

ದೋಣಿಯಲ್ಲಿದ್ದವರೆಲ್ಲ ನಕ್ಕರು, ಮಾಷ್ಟ್ರೂ ನಕ್ಕರು. ಉತ್ತರ ನಾಲ್ಕು ಎಂದು ನಾನೂ ನನ್ನ ತರಗತಿಯ ಸತೀಶನೂ ಒಟ್ಟಿಗೇ ಅವರ ಎರಡು ಕಿವಿಗಳಲ್ಲಿ ಹೇಳಿದೆವು. ಜಾತಿ ಮೂರೇ ಇರುವಾಗ ನಾಲ್ಕನೆಯದು ಯಾವುದಾದರೊಂದರ ಜೊತೆ ಸೇರಲೇಬೇಕಲ್ಲ.

ಇಷ್ಟೇನಾ ಎಂದುಕೊಂಡೆವು. ಮರುದಿನ ಬಂತು ನೋಡಿ ಅದರ ಅಣ್ಣ. ಒಂದರಿಂದ ನೂರರವರೆಗಿನ ಸಂಖ್ಯೆಗಳಲ್ಲಿ ನಮಗೆ ಬೇಕಾದ ಐವತ್ತೊಂದನ್ನು ಆರಿಸಿಕೊಳ್ಳಬೇಕು. ಹೇಗೆ ಆರಿಸಿದರೂ ಅವುಗಳಲ್ಲಿ ಎರಡು ಸಂಖ್ಯೆ ಏಳು-ಎಂಟರ ಹಾಗೆ ಒಂದರ ಪಕ್ಕ ಒಂದು ಬಂದೇ ಬರುತ್ತವೆ, ಯಾಕೆ? ಆ ಲೆಕ್ಕ ಮೂರು ದಿನವೋ ನಾಲ್ಕು ದಿನವೋ ನಮ್ಮೊಂದಿಗೆ ಹೊಳೆ ದಾಟಿತು. ಊಟಕ್ಕೆ ಕೂತರೆ ಅದೇ, ಕುಂಟೆಬಿಲ್ಲೆ ಆಡಿದರೆ ಚೌಕದೊಳಗೆಲ್ಲ ಅದೇ. ಕೊನೆಗೊಂದು ಸಂಜೆ, ಮನೆಗೆ ನೆಂಟರು ಬಂದು ಅಂಗಳದ ತುಂಬ ಚಪ್ಪಲಿ ಬಿಟ್ಟಿದ್ದರು. ಜೋಡಿ ಜೋಡಿ ಚಪ್ಪಲಿ! ಒಂದು-ಎರಡು ಒಂದು ಜೋಡಿ, ಮೂರು-ನಾಲ್ಕು ಇನ್ನೊಂದು. ಹೀಗೆ ನೂರಕ್ಕೆ ಐವತ್ತೇ ಜೋಡಿ. ಐವತ್ತೊಂದು ಚಪ್ಪಲಿ ಎತ್ತಿದರೆ ಯಾವುದೋ ಒಂದು ಜೋಡಿಯ ಎರಡೂ ಕೈಗೆ ಬರಲೇಬೇಕು. ನಾನು ಅಂಗಳದಲ್ಲಿ ಕೂಗಿಕೊಂಡ ರೀತಿಗೆ ಹಾವು ಕಚ್ಚಿತೆಂದು ಅಪ್ಪಯ್ಯ ಓಡಿ ಬಂದರು. ಆ ಸುಖ ಹೇಗಿತ್ತೆಂದು ಹೇಳಲು ನನಗೆ ಇಂದಿಗೂ ಬರುವುದಿಲ್ಲ. ಅದರಷ್ಟು ರುಚಿಯಾದದ್ದನ್ನು ನಾನು ತಿಂದಿಲ್ಲ, ಅಷ್ಟು ಗೊತ್ತು.

ಆ ವಾರವೇ ಮಾಷ್ಟ್ರು ಸ್ಪರ್ಧೆಯ ಸುದ್ದಿ ಹೇಳಿದ್ದು. ಹೈಸ್ಕೂಲು ಮಕ್ಕಳಿಗೆ ಗಣಿತದ ಪರೀಕ್ಷೆ, ಪಾಠಪುಸ್ತಕದಲ್ಲಿ ಇಲ್ಲದ ಲೆಕ್ಕಗಳು. ಚೆನ್ನಾಗಿ ಮಾಡಿದವರಿಗೆ ದಸರಾ ರಜೆಯಲ್ಲಿ ಬ್ರಹ್ಮಾವರದಲ್ಲಿ ಶಿಬಿರ. ಊಟ, ವಸತಿ ಎಲ್ಲ ಅಲ್ಲಿಯೇ, ದಿನವಿಡೀ ಬರೀ ಲೆಕ್ಕ. ದಿನವಿಡೀ! ದೋಣಿ ದಾಟುವಷ್ಟು ಹೊತ್ತಿನ ಲೆಕ್ಕಕ್ಕೇ ಹುಚ್ಚು ಹಿಡಿಸಿಕೊಂಡಿದ್ದ ನನಗೆ ಆ ಶಿಬಿರ ಬಿಟ್ಟು ಬೇರೇನೂ ಬೇಡವಾಯಿತು. ನನ್ನಂಥ ಹುಚ್ಚಿನ ಹುಡುಗಿಯರು ಅಲ್ಲಿ ಇನ್ನೂ ಇರಬಹುದು, ನಾನು ಒಬ್ಬಳೇ ಅಲ್ಲದಿರಬಹುದು ಎಂಬ ಆಸೆಯೇ ದೊಡ್ಡದಿತ್ತು. ಅಮ್ಮ ಹೊಸ ಟವೆಲ್ಲು ತಂದಿಟ್ಟಳು. ನಾನು ಮನಸ್ಸಿನಲ್ಲೇ ಚೀಲ ಕಟ್ಟಿ ಆಗಿತ್ತು.

ಪರೀಕ್ಷೆಯ ದಿನ ಒಂದೊಂದೇ ಲೆಕ್ಕ ಬಾಗಿಲು ತೆರೆಯುತ್ತಾ ಹೋಯಿತು. ಕೊನೆಗೆ ದೋಣಿಯ ಪ್ರಶ್ನೆ ಕಂಡಾಗ ನಮ್ಮ ಮನೆಯವರೇ ಸಿಕ್ಕಿದಷ್ಟು ಖುಷಿ. ಒಬ್ಬ ಹೊಳೆಯಲ್ಲಿ ಹರಿವಿನ ಜೊತೆ ಒಂದು ಊರಿಗೆ ದೋಣಿ ನಡೆಸಿಕೊಂಡು ಹೋಗಿ ಅದೇ ದಾರಿಯಲ್ಲಿ ಹಿಂದಿರುಗುತ್ತಾನೆ. ನಿಂತ ನೀರಿನಲ್ಲಿ ಹೋಗಿ ಬರುವುದಕ್ಕಿಂತ ಅವನಿಗೆ ಹೆಚ್ಚು ಸಮಯ ಬೇಕಾಗುತ್ತದೆ ಎಂದು ಸಾಧಿಸಿ.

ನಾನು ಓದಿದೆ, ಮತ್ತೊಮ್ಮೆ ಓದಿದೆ. ಹೆಚ್ಚು ಸಮಯವೇ? ಅಪ್ಪಯ್ಯ ಸಣ್ಣ ದೋಣಿ ಇಟ್ಟುಕೊಂಡು, ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಬಲೆ ಹಾಕುತ್ತಿದ್ದರು. ಸಮುದ್ರದ ನೀರು ಇಳಿಯುವಾಗ ಹೊಳೆಯೂ ಕೆಳಗೆ ಹರಿಯುತ್ತದೆ, ಆಗ ಹೊರಡುವರು. ನೀರು ಏರುವಾಗ ಹೊಳೆಯೇ ಹಿಂದಕ್ಕೆ ಹರಿಯುತ್ತದೆ, ಆಗ ವಾಪಸು. ಹೋಗುವಾಗಲೂ ಹೊಳೆ ದೂಡುತ್ತದೆ, ಬರುವಾಗಲೂ ದೂಡುತ್ತದೆ. ನೀರಿಗೆ ಎದುರಾಗಿ ಹುಟ್ಟು ಹಾಕುವವನನ್ನು ನಮ್ಮ ಕೇರಿಯಲ್ಲಿ ಯಾರೂ ಬುದ್ಧಿವಂತ ಎನ್ನುತ್ತಿರಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟಿದ್ದ ನಾನು ದೊಡ್ಡ ಅಕ್ಷರದಲ್ಲಿ 'ಪ್ರಶ್ನೆಯೇ ತಪ್ಪಾಗಿದೆ' ಎಂದು ಬರೆದು, ಹೆಚ್ಚಲ್ಲ, ಕಡಿಮೆ ಸಮಯ ಸಾಕೆಂದು ಪುಟ ತುಂಬ ಸಾಧಿಸಿ, ಕೆಳಗೆ ಗೆರೆ ಎಳೆದು ಬಂದೆ.

ಫಲಿತಾಂಶ ಬಂದಾಗ ನಮ್ಮ ಶಾಲೆಯಿಂದ ಸತೀಶ ಒಬ್ಬನೇ ಆಯ್ಕೆಯಾಗಿದ್ದ. ನನಗೆ ಕೊನೆಯ ಲೆಕ್ಕದ ಅಂಕ ಬಂದಿದ್ದರೆ ನಾನೂ ಇರುತ್ತಿದ್ದೆನಂತೆ.

ಸಂಜೆಯ ದೋಣಿಯಲ್ಲಿ ನಾನು ಯಾರ ಮುಖವನ್ನೂ ನೋಡದೆ ಕೂತಿದ್ದೆ. ಮಾಷ್ಟ್ರು ಬಂದು ಎದುರು ಕೂತರು. ಅವರು ನನ್ನ ಪರ ಮಾತಾಡುತ್ತಾರೆ, ಪರೀಕ್ಷೆಯವರನ್ನು ಬೈಯುತ್ತಾರೆ ಎಂದುಕೊಂಡಿದ್ದೆ.

"ನೀ ಬರ್ದದ್ ತಪ್ಪ್, ಮಗಾ" ಎಂದರು.

"ಹ್ಯಾಂಗೆ ತಪ್ಪ್ ಮಾಷ್ಟ್ರೆ? ಹೊಳಿ ಎರಡೂ ಬದಿಗ್ ಹರಿತ್ತಲ್ದಾ?"

"ಯಾವ ಹೊಳಿ?"

"ಈ ಹೊಳಿ!" ನಾನು ನೀರಿಗೆ ಕೈ ಬಡಿದೆ.

"ಇದ್ ಗಂಗೊಳ್ಳಿ ಹೊಳಿ. ಅದ್ ಪ್ರಶ್ನಿ ಹೊಳಿ. ಪ್ರಶ್ನಿ ಹೊಳಿಯಂಗೆ ಪ್ರಶ್ನಿ ಹೇಳ್ದಷ್ಟೇ ನೀರ್. ನೀ ಮನೆಯಿಂದ ನೀರ್ ತಂದ್ ಹೊಯ್ಯೂಕೆ ಆತಿಲ್ಲೆ."

ನನ್ನ ಕಣ್ಣಿನಿಂದ ನೀರು ಇಳಿಯಿತು. ಅವರು ಅದನ್ನು ಕಾಣದವರಂತೆ ಲೆಕ್ಕ ಬಿಡಿಸಿ ಹೇಳಿದರು. ದೋಣಿ ಗಂಟೆಗೆ ನಾಲ್ಕು ಕಿಲೋಮೀಟರ್, ಹರಿವು ಎರಡು, ದೂರ ಹನ್ನೆರಡು ಎಂದಿಟ್ಟುಕೋ. ನಿಂತ ನೀರಿನಲ್ಲಿ ಹೋಗಿ ಬರಲು ಆರು ಗಂಟೆ. ಹರಿವಿದ್ದರೆ ಹೋಗಲು ಎರಡೇ ಗಂಟೆ, ಬರಲು ಆರು, ಒಟ್ಟು ಎಂಟು. ಹರಿವು ಸಹಾಯ ಮಾಡುವುದು ಸ್ವಲ್ಪ ಹೊತ್ತು, ತಡೆಯುವುದು ಬಹಳ ಹೊತ್ತು. ಕೇಳುತ್ತಿದ್ದಂತೆ ಎಷ್ಟು ಚೆಂದದ ಲೆಕ್ಕವನ್ನು ಕಳೆದುಕೊಂಡೆ ಎಂದು ಇನ್ನಷ್ಟು ಅಳು ಬಂತು. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕೆ ನಾನು ಅವರಿಗೆ ಇಂದಿಗೂ ಋಣಿ. ಆ ದಿನ ಮಾತ್ರ ಅವರ ಕೊಡೆಯನ್ನು ಹೊಳೆಗೆ ಎಸೆಯಬೇಕೆನಿಸಿತ್ತು.

ದಸರಾ ರಜೆ ಬಂತು. ಸತೀಶ ಚೀಲ ಹಿಡಿದು ಬ್ರಹ್ಮಾವರಕ್ಕೆ ಹೋದ. ನಾನು ಹೊಸ ಟವೆಲ್ಲನ್ನು ಪೆಟ್ಟಿಗೆಯ ತಳಕ್ಕೆ ತುರುಕಿ, ಅಮ್ಮನ ಬುಟ್ಟಿಗೆ ಕೈ ಹಾಕಿ ಮಾರ್ಕೆಟ್ಟಿಗೆ ಹೊರಟೆ. ರಜೆಯಲ್ಲಿ ಅವಳಿಗೆ ಸಹಾಯ ಮಾಡುವುದು ರೂಢಿ. ದೋಣಿ ಹತ್ತಿದರೆ ಮಾಷ್ಟ್ರು ಅಲ್ಲಿ ಕೂತಿದ್ದಾರೆ! ಅದೇ ಬಿಳಿ ಅಂಗಿ, ಅದೇ ಕೊಡೆ.

"ಶಾಲಿಗೆ ರಜಿ ಅಲ್ದಾ ಮಾಷ್ಟ್ರೆ?" ಎಂದೆ.

"ನಂಗೆ ಪ್ಯಾಟಿಯಂಗೆ ಕೆಲ್ಸ ಇತ್ತ್. ನೀ ಕೂಕೊ" ಎಂದು ಕೊಡೆ ಕುಟ್ಟಿದರು. "ಇವತ್ತ್ ನಿನ್ ಹೊಳಿ. ನೀರ್ ಇಳೂವತಿಗೆ ಎರಡ್ ಗಂಟೆಯಂಗೆ ಹೋದೆ. ನೀರ್ ತಿರ್ಗುವರಿಗೆ ಕಾಯ್ಕಲೆ. ಕಾದ್ ಬಂದ್ರೂ ಪ್ರಶ್ನಿ ಹೊಳಿಗಿಂತ ಲಾಭ ಆಯ್ಕಂಬ್ಕಾರೆ ಎಷ್ಟೊತ್ತ್ ಕಾಯ್ಲಕ್?"

ನನ್ನ ಹೊಳೆ! ಪರೀಕ್ಷೆಯಲ್ಲಿ ಸೊನ್ನೆ ಸಿಕ್ಕಿದ ಹೊಳೆಯನ್ನು ಅವರು ಲೆಕ್ಕ ಮಾಡಿ ತಂದಿದ್ದರು. ನೀರು ತಿರುಗದ ಪ್ರಶ್ನೆಯ ಹೊಳೆಯಲ್ಲಿ ಒಟ್ಟು ಎಂಟು ಗಂಟೆ. ನಮ್ಮ ಹೊಳೆಯಲ್ಲಿ ನೀರು ತಿರುಗಿದ ಮೇಲೆ ವಾಪಸು ಹೊರಟರೆ ಹೋಗಲು ಎರಡು, ಬರಲು ಎರಡು, ನಡುವೆ ಕಾಯುವ ಹೊತ್ತು. ಕಾಯುವುದು ನಾಲ್ಕು ಗಂಟೆಗಿಂತ ಕಡಿಮೆಯಾದರೆ ಕಾದವನೇ ಗೆದ್ದ. ದಡ ತಾಗುವ ಮೊದಲೇ ಅವರ ಕಿವಿಯಲ್ಲಿ ಹೇಳಿದೆ. ಹೇಳಿ ಸುಮ್ಮನಿರಲಾರದೆ, "ಆರೆ ನೀರ್ ಒಂದೇ ಸಲಕ್ಕೆ ತಿರ್ಗುದಿಲ್ಲೆ ಮಾಷ್ಟ್ರೆ. ನಿಧಾನ ಆಯಿ, ನಿಂತ್, ಮತ್ ತಿರ್ಗುದ್" ಎಂದೆ.

ಅವರು ಕೊಡೆಯ ಹಿಡಿಗೆ ಗದ್ದ ಊರಿ ನನ್ನನ್ನು ನೋಡಿದರು. "ಅದ್ಕೆ ಬೇರೆ ಗಣಿತ ಇತ್ತ್. ಕಾಲೇಜಿಗ್ ಹೋದ್ರೆ ಸಿಕ್ಕತ್ತ್. ನೀ ಹೋಯ್ಕ್."

ರಜೆಯುದ್ದಕ್ಕೂ ಅವರಿಗೆ ಪೇಟೆಯಲ್ಲಿ ಕೆಲಸ ಇದ್ದೇ ಇತ್ತು. ಪ್ರತಿ ಬೆಳಿಗ್ಗೆ ದೋಣಿಯಲ್ಲಿ ನಾನೂ ಅವರೂ ಒಂದು ಲೆಕ್ಕವೂ. ಏಳನ್ನು ಏಳರಿಂದ ಗುಣಿಸುತ್ತಲೇ ಹೋದರೆ ಕೊನೆಯ ಅಂಕಿ ಹೇಗೆ ಸುತ್ತು ಹೊಡೆದು ಮತ್ತೆ ಏಳಕ್ಕೇ ಬರುತ್ತದೆ ಎಂದು ಕಂಡುಕೊಂಡದ್ದು ಆಗ. ಮಾರ್ಕೆಟ್ಟಿನಲ್ಲಿ ಮೀನಿಗೆ ನೀರು ಚಿಮುಕಿಸುತ್ತಾ ಮನಸ್ಸಿನಲ್ಲಿ ಏಳು, ಒಂಬತ್ತು, ಮೂರು, ಒಂದು ಎಂದು ಹಾಡಿಕೊಳ್ಳುತ್ತಿದ್ದೆ. ಶಿಬಿರದಿಂದ ಬಂದ ಸತೀಶ, "ಅಲ್ಲಿ ಊಟ ಲಾಯ್ಕಿತ್ತ್, ಹೊಳಿ ಲೆಕ್ಕ ಒಂದೂ ಇಲ್ಲೆ" ಎಂದಾಗ ನನಗೆ ಹೊಟ್ಟೆಕಿಚ್ಚು ಆಗಲೇ ಇಲ್ಲ.

ನಾನು ಗಣಿತದಲ್ಲಿ ದೊಡ್ಡ ಹೆಸರೇನೂ ಮಾಡಲಿಲ್ಲ. ಬಿ.ಎಸ್ಸಿ. ಓದಿದೆ, ಮದುವೆಯಾಗಿ ಬೈಂದೂರಿಗೆ ಬಂದೆ, ಗಂಡನ ಜೊತೆ ಮೆಡಿಕಲ್ ಶಾಪ್ ನೋಡಿಕೊಳ್ಳುತ್ತೇನೆ. ಕಾಲೇಜಿನಲ್ಲಿ, ಮಾಷ್ಟ್ರು ಹೇಳಿದ್ದ ಆ ಬೇರೆ ಗಣಿತ ನಿಜವಾಗಿಯೂ ಸಿಕ್ಕಿತು. ಕ್ಷಣ ಕ್ಷಣಕ್ಕೂ ವೇಗ ಬದಲಾಗುವ ನೀರನ್ನು ಹಿಡಿಯುವ ಗಣಿತ. ಆ ವಾರವೇ ಅವರ ಮನೆಗೆ ಹೋಗಿ ಹೇಳಿದೆ. ನಿವೃತ್ತರಾಗಿದ್ದ ಅವರು ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು. "ಅಂತೂ ನಿನ್ ಹೊಳಿ ಪುಸ್ತಕಕ್ಕೆ ಹೋಯ್ತ್" ಎಂದು ನಕ್ಕರು. ಹೋಗಿ ಹೇಳಿದೆನಲ್ಲ ಎಂಬುದೇ ಈಗ ನನಗೆ ಸಮಾಧಾನ.

ಅವರು ತೀರಿಕೊಂಡ ಸುದ್ದಿ ಬಂದ ದಿನ ಅಮ್ಮ ನಮ್ಮ ಮನೆಯಲ್ಲೇ ಇದ್ದಳು. ಬಂಗುಡೆ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ಆ ರಜಿಯಂಗೆ ಮಾಷ್ಟ್ರಿಗೆ ಪ್ಯಾಟಿಯಂಗೆ ಎಂತ ಕೆಲ್ಸವೂ ಇರ್ಲಿಲ್ಲೆ, ಗೊತ್ತಿತ್ತಾ ನಿಂಗೆ?"

"ಹಾಂ?"

"ದೋಣಿಯವ್ರ್ ಹೇಳಿದ್ರ್. ನಾವ್ ಮಾರ್ಕೆಟ್ಟಿಗ್ ಹೋದ್ಮೇಲೆ ಅಲ್ಲೇ ಒಂದ್ ಚಾ ಕುಡ್ದ್, ಅದೇ ದೋಣಿಯಂಗೆ ವಾಪಸ್ ಹೋತಿದ್ರಂಬ್ರ್. ದಿನಾ."

ನಾನು ಒಲೆಯ ಉರಿ ಸಣ್ಣ ಮಾಡಿ ಅವಳ ಪಕ್ಕ ಬಂದು ಕೂತೆ.

ಮೊನ್ನೆ ಒಂಬತ್ತನೇ ತರಗತಿಯ ನನ್ನ ಮಗಳಿಗೆ ಯಾವುದೋ ಸ್ಪರ್ಧೆಯ ತಯಾರಿಗೆಂದು ಅದೇ ದೋಣಿಯ ಲೆಕ್ಕ ಬಂತು. ಅವಳು ಮೊಬೈಲಿನಲ್ಲಿ ಅದರ ಫೋಟೊ ತೆಗೆದಳು, ಉತ್ತರ ಬಂತು, ಹಂತ ಹಂತವಾಗಿ, ಒಂದು ತಪ್ಪಿಲ್ಲದೆ. ಒಳ್ಳೆಯದೇ. ನಮಗೆ ಇಲ್ಲದ ಅನುಕೂಲ ಅವಳಿಗೆ ಇದೆ, ಅದಕ್ಕೆ ಕಲ್ಲು ಹಾಕುವಷ್ಟು ಹಳಬಳು ನಾನಲ್ಲ. ಆದರೂ ಅವಳು ಮುಂದಿನ ಲೆಕ್ಕಕ್ಕೆ ಹೋದ ಮೇಲೆ ನಾನು ಅಲ್ಲೇ ಕೂತಿದ್ದೆ. ಉತ್ತರ ಈಗ ಎಲ್ಲ ಕಡೆಯೂ ಸಿಗುತ್ತದೆ. ನನ್ನ ತಪ್ಪನ್ನು ತಪ್ಪೆಂದೇ ಹೇಳಿ, ಆ ತಪ್ಪಿನಿಂದಲೇ ನನಗೊಂದು ಹೊಸ ಲೆಕ್ಕ ಕಟ್ಟಿ, ಆಚೆ ದಡದಲ್ಲಿ ಒಂದು ಚಹಾ ಬಿಟ್ಟು ಬೇರೇನೂ ಕೆಲಸವಿಲ್ಲದಿದ್ದರೂ ನನ್ನ ಜೊತೆ ದಿನಾ ಹೊಳೆ ದಾಟಿದವರು ಅವರೊಬ್ಬರೇ.