ಭಾವನ ಮೂವತ್ತು ನಿಮಿಷ

ನನ್ನ ಅಕ್ಕನ ಗಂಡ ಮೂವತ್ತೈದು ವರ್ಷ ಬಿಸಿಲೆನ್ನದೆ ಮಳೆಯೆನ್ನದೆ ನಡೆದೇ ಟಪಾಲು ಹಂಚಿದವರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕರುಳಿನ ಕ್ಯಾನ್ಸರ್ ಬಂದು ಕೀಮೋ ಶುರುವಾಯಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ, "ದಿನಾ ಐದು ನಿಮಿಷ ನಡೀರಿ, ಆಮೇಲೆ ನಿಧಾನಕ್ಕೆ ಹೆಚ್ಚಿಸೋಣ" ಅಂದರು.

"ಐದು ನಿಮಿಷಾನಾ? ನನಗಾ?" ಭಾವ ನಕ್ಕುಬಿಟ್ಟರು.

ಮರುದಿನ ನಾಲ್ಕನೇ ಮನೆ ದಾಟುವಷ್ಟರಲ್ಲಿ ಕಾಲು ನಡುಗಿತು. ಕಾಂಪೌಂಡು ಹಿಡಿದು ನಿಂತರು. ಗೇಟಿನೊಳಗೆ ಮಲಗಿದ್ದ ನಾಯಿ ಒಂದು ಸಲ ಕಣ್ಣು ಬಿಟ್ಟು ಮತ್ತೆ ಮುಚ್ಚಿತು. ಟಪಾಲಿನವರನ್ನು ಕಂಡರೆ ರಾದ್ಧಾಂತ ಮಾಡುವ ಜಾತಿ ಅದು. ನಾಯಿಗೂ ಬೇಡವಾದೆನಲ್ಲ ಎಂದು ಭಾವನಿಗೆ ಅವಮಾನವಾಯಿತಂತೆ. ಅಂದಿನಿಂದ ಬೀದಿ ತಿರುವಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕೂತೆದ್ದು ಬಂದು, "ಮೂವತ್ತು ನಿಮಿಷ" ಎನ್ನತೊಡಗಿದರು. ಅಕ್ಕ ಅದನ್ನು ಹಾಳೆಯಲ್ಲಿ ಬರೆದಿಡುತ್ತಿದ್ದಳು, ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಒಂದು ದಿನ ಬಸ್ಸಿನ ಕಿಟಕಿಯಿಂದ, ನಿಲ್ದಾಣದಲ್ಲಿ ಕೂತಿದ್ದ ಅವರನ್ನು ನಾನೇ ಕಂಡೆ. ಕಾಯಿಲೆ ಮನುಷ್ಯನ ಮರ್ಯಾದೆ ಯಾಕೆ ತೆಗೆಯಲಿ ಎಂದು ಸುಮ್ಮನಾದೆ. ನನ್ನ ಆ ದೊಡ್ಡತನ ನೆನೆದರೆ ಈಗ ನಾಚಿಕೆಯಾಗುತ್ತದೆ.

ಫಿಸಿಯೋ ಮೇಡಂ ಅಕ್ಕ ತಂದು ತೋರಿಸಿದ ಆ ಹಾಳೆಯನ್ನು ವ್ಯಾಯಾಮದ ಕೋಣೆಯಲ್ಲಿ ಎಲ್ಲರಿಗೂ ತೋರಿಸಿದರು. ಅಲ್ಲಿಗೆ ಬರುತ್ತಿದ್ದ ನಿವೃತ್ತ ಟೀಚರಮ್ಮ ದಿನಕ್ಕೆ ಎಂಟು ನಿಮಿಷ ನಡೆಯುತ್ತಿದ್ದವರು. ಹಾಳೆ ನೋಡಿ ಹಟಕ್ಕೆ ಬಿದ್ದರು. ಕೀಮೋ ಆದ ಮೂರನೇ ದಿನ, ಸುಸ್ತಿದ್ದರೂ ಬಿಡದೆ ನಡೆದು, ವಾಪಸು ಬಂದು ಮನೆ ಮೆಟ್ಟಿಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಭಾವನೂ ನಾನೂ ನೋಡಲು ಹೋದೆವು. ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದ ಟೀಚರಮ್ಮ, "ನಿಮ್ಮಷ್ಟು ನನ್ನ ಕೈಲಾಗ್ಲಿಲ್ಲ ಅಣ್ಣಾ. ಇಪ್ಪತ್ತೆರಡು ನಿಮಿಷಕ್ಕೇ ಬಿದ್ದೆ" ಅಂದರು.

ಭಾವ ತಲೆ ತಗ್ಗಿಸಿದರು. "ನಾನು ನಡೆದೇ ಇಲ್ಲಮ್ಮ. ಬಸ್ ಸ್ಟಾಪಲ್ಲಿ ಕೂತಿರ್ತಿದ್ದೆ."

ಟೀಚರಮ್ಮ ತಮ್ಮ ಕೈಯನ್ನೇ ನೋಡಿದರು. "ಹಾಗಾದ್ರೆ ಎಂಟು ನಿಮಿಷ ನಡೀತಿದ್ದಾಗ್ಲೇ ನಾನು ನಿಮಗಿಂತ ಮುಂದಿದ್ದೆ" ಅಂದರು. ನಗಲಿಲ್ಲ.

"ಹೌದಮ್ಮ" ಅಂದರು ಭಾವ.

ಮೆಟ್ಟಿಲಿಳಿಯುವಾಗ ಮೊದಲ ಸಲ, ಬೀದಿಯ ಜನರೆಲ್ಲ ನೋಡುತ್ತಿದ್ದರೂ, ನನ್ನ ತೋಳು ಹಿಡಿದುಕೊಂಡರು. "ಯಾರಿಗೂ ಗೊತ್ತಿರ್ಲಿಲ್ಲ ಕಣೋ, ನಾನೊಬ್ಬನೇ ಸುಳ್ಳ" ಅಂದರು.

ಬಸ್ಸಿನಿಂದ ಕಂಡಿದ್ದೆ ಎನ್ನಲು ಅವತ್ತೂ ನನಗೆ ಬಾಯಿ ಬರಲಿಲ್ಲ.